ಯಾರಿಂದ ಬಂತು?

(ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. ಸಂಕ್ರಾಂತಿ ಮುಗಿದು ನಾಲ್ಕು ದಿನ. ಅಡುಗೆಮನೆಯ ನೆಲದ ಮೇಲೆ ನೆನೆಹಾಕಿದ ಅವರೆಕಾಳಿನ ಪಾತ್ರೆ; ಆಚೆ ಈಚೆ ಇಬ್ಬರು ಹೆಂಗಸರು. ಒಬ್ಬರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಪ್ಯಾಪ್ ಸ್ಮಿಯರ್ ಸ್ಲೈಡು ನೋಡುತ್ತ 30 ವರ್ಷ ಕಳೆದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಕ್ಕನ ಮಗಳು. ವಯಸ್ಸು 26, ಮದುವೆಯಾಗಿ ಒಂದೂವರೆ ವರ್ಷ, ಬೆಂಗಳೂರಿನಲ್ಲಿ ಕೆಲಸ.)

ಮಗಳು: ಚಿಕ್ಕಮ್ಮ, ಒಂದು ವಿಷಯ ಇತ್ತು. ಅಮ್ಮನಿಗೆ ಮಾತ್ರ ಹೇಳಬೇಡಿ.

ಚಿಕ್ಕಮ್ಮ: ಬಂದಾಗಿನಿಂದ ನೋಡ್ತಾ ಇದೀನಿ, ಮುಖ ಸರಿಯಿಲ್ಲ. ಹೇಳು. ಕೈ ಮಾತ್ರ ನಿಲ್ಲಿಸಬೇಡ, ಹಿತಕ್ತಾ ಹೇಳು.

ಮಗಳು: ಆಫೀಸಿನಲ್ಲಿ ವರ್ಷಕ್ಕೊಂದು ಸಲ ಹೆಲ್ತ್ ಚೆಕಪ್ ಮಾಡಿಸ್ತಾರೆ. ಈ ಸಲ ಹೆಂಗಸರಿಗೆ ಅಂತ ಬೇರೆ ಪ್ಯಾಕೇಜು ಇತ್ತು. ದುಡ್ಡು ಹೇಗೂ ಕಂಪನಿಯದ್ದು ಅಂತ ಎಲ್ಲದಕ್ಕೂ ಟಿಕ್ ಹಾಕಿದೆ. ಮೊನ್ನೆ ಮೀಟಿಂಗ್ ನಡೀತಿದ್ದಾಗ ಮೊಬೈಲಿಗೆ ರಿಪೋರ್ಟ್ ಬಂತು. ನೀವೇ ನೋಡಿ.

ಚಿಕ್ಕಮ್ಮ: ಆ ಕನ್ನಡಕ ಕೊಡು. ಹ್ಞೂಂ. ಪ್ಯಾಪ್ ನಾರ್ಮಲ್. ಎಚ್‌ಪಿವಿ, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್ಸು, ಅದರ 16ನೇ ವಿಧ ನೆಗೆಟಿವ್, 18 ನೆಗೆಟಿವ್. ಇತರ ಹೈ ರಿಸ್ಕ್ ವಿಧಗಳು, ಪಾಸಿಟಿವ್. ಇಷ್ಟೇ ತಾನೇ?

ಮಗಳು: ಇಷ್ಟೇ ತಾನೇ ಅಂತೀರಲ್ಲ! ಕೆಂಪಕ್ಷರದಲ್ಲಿ 'ಹೈ ರಿಸ್ಕ್' ಅಂತ ಹಾಕಿದಾರೆ. ಮೂರು ರಾತ್ರಿ ನಿದ್ದೆ ಮಾಡಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ರಿಸ್ಕ್ ಫ್ಯಾಕ್ಟರ್‌ಗಳ ದೊಡ್ಡ ಪಟ್ಟಿ. ಮೊದಲನೆಯದೇ 'ಹಲವು ಲೈಂಗಿಕ ಸಂಗಾತಿಗಳು'. ಅದನ್ನ ಓದಿ ಎದೆ ಧಸಕ್ ಅಂತು. ನನಗೆ ಇವರನ್ನ ಬಿಟ್ಟರೆ ಇನ್ನೊಬ್ಬರು ಗೊತ್ತಿಲ್ಲ ಚಿಕ್ಕಮ್ಮ. ಹಾಗಾದ್ರೆ ಇದು ಯಾರಿಂದ ಬಂತು?

ಚಿಕ್ಕಮ್ಮ: ನಿನಗೆ ಹತ್ತು ಜನ ಗೊತ್ತಿದ್ದರೂ ನಾನು ಹೇಳೋ ಮಾತು ಇದೇ ಇರ್ತಿತ್ತು, ಅದು ತಲೆಯಲ್ಲಿರಲಿ. ಮೊದಲು ಆ ಪಟ್ಟಿ ಓದೋದು ಹೇಗೆ ಅಂತ ತಿಳ್ಕೋ. ರಿಸ್ಕ್ ಫ್ಯಾಕ್ಟರ್ ಅನ್ನೋದು ಸಾವಿರಾರು ಜನರನ್ನ ಒಟ್ಟಿಗೆ ನಿಲ್ಲಿಸಿ ಮಾಡಿದ ಲೆಕ್ಕ. ಕೊಡೆ ಮರೆತು ಹೊರಟವರು ಹೆಚ್ಚು ನೆನೀತಾರೆ, ನಿಜ. ಹಾಗಂತ ನೆಂದು ಬಂದವರೆಲ್ಲ ಕೊಡೆ ಮರೆತವರಾ? ಆಷಾಢದ ಗಾಳಿಗೆ ಕೊಡೆ ಹಿಡಿದವರೂ ತೊಯ್ದು ತೊಪ್ಪೆ ಆಗ್ತಾರೆ.

ಮಗಳು: ಅಂದರೆ ಇದು ಅಷ್ಟು ಮಾಮೂಲಾ?

ಚಿಕ್ಕಮ್ಮ: ಅಮೆರಿಕದ ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಅಂತ ವಿಶ್ವವಿದ್ಯಾಲಯ ಇದೆ. ಅಲ್ಲಿ 608 ವಿದ್ಯಾರ್ಥಿನಿಯರನ್ನ ಆರು ತಿಂಗಳಿಗೊಮ್ಮೆ ಕರೆಸಿ, ಮೂರು ವರ್ಷ ಪರೀಕ್ಷೆ ಮಾಡಿದರು. 1998ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಮೂರು ವರ್ಷದೊಳಗೆ 100ಕ್ಕೆ 43 ಹುಡುಗಿಯರಿಗೆ ಹೊಸದಾಗಿ ಸೋಂಕು ತಗುಲಿತ್ತು. ನಾವು ಲ್ಯಾಬಿನಲ್ಲಿ ಅದನ್ನ ಓದಿದಾಗ ಮೊದಲು ನಂಬಲೇ ಇಲ್ಲ. ಆಮೇಲೆ ಬಂದ ಅಧ್ಯಯನಗಳೂ ಅದೇ ಹೇಳಿದವು. ಲೈಂಗಿಕ ಜೀವನ ಇರೋ ಹೆಣ್ಣು ಗಂಡು ಬಹುಪಾಲು ಎಲ್ಲರಿಗೂ ಜೀವಮಾನದಲ್ಲಿ ಒಮ್ಮೆಯಾದರೂ ಇದು ತಗುಲುತ್ತೆ. ಬಹಳ ಜನಕ್ಕೆ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ.

ಮಗಳು: ಅವರೆಲ್ಲ ಅಮೆರಿಕದ ಕಾಲೇಜು ಹುಡುಗಿಯರು. ನನ್ನ ಕಥೆ ಬೇರೆ ಅಲ್ವಾ?

ಚಿಕ್ಕಮ್ಮ: ಈ ಮಾತು ಬರುತ್ತೆ ಅಂತ ಗೊತ್ತಿತ್ತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಒಬ್ಬನೇ ಸಂಗಾತಿ ಇದ್ದ ಹುಡುಗಿಯರನ್ನಷ್ಟೇ ಬೇರೆ ಮಾಡಿ ಲೆಕ್ಕ ಹಾಕಿದರು. ಅವನೇ ಮೊದಲಿಗ, ಅವನ ನಂತರ ಯಾರೂ ಇಲ್ಲ. ಒಂದು ವರ್ಷ ಆಗೋ ಹೊತ್ತಿಗೆ ಅವರಲ್ಲಿ 100ಕ್ಕೆ 28 ಮಂದಿಗೆ ಸೋಂಕು ಇತ್ತು. ಮೂರು ವರ್ಷಕ್ಕೆ ಹತ್ತಿರ ಹತ್ತಿರ ಅರ್ಧ. ಈಗ ನಿನ್ನ ಮದುವೆಯ ಒಂದೂವರೆ ವರ್ಷ ಅದರಲ್ಲಿ ಇಟ್ಟು ನೋಡು. ನಿನ್ನದು ವಿಚಿತ್ರ ಕಥೆಯೇನಲ್ಲ.

ಮಗಳು: ಅಂದರೆ ಪಟ್ಟಿಯಲ್ಲಿ ಇರೋದೆಲ್ಲ ಸುಳ್ಳಾ?

ಚಿಕ್ಕಮ್ಮ: ಸುಳ್ಳಲ್ಲ. ಸಂಗಾತಿಗಳ ಸಂಖ್ಯೆ ಹೆಚ್ಚಿದಷ್ಟೂ ವೈರಸ್ಸು ಸಿಗೋ ಅವಕಾಶ ಹೆಚ್ಚು, ಎಲ್ಲ ದೇಶದ ಅಧ್ಯಯನವೂ ಅದನ್ನ ಹೇಳುತ್ತೆ. ಆದರೆ ಪಟ್ಟಿಯಲ್ಲಿರೋ ಎಲ್ಲವೂ ಒಂದೇ ಜಾತಿಯವಲ್ಲ. ರಟ್ಗರ್ಸ್ ಅಧ್ಯಯನದಲ್ಲಿ ಇನ್ನೂ ಏನೇನು ಸಿಕ್ಕಿತು ಗೊತ್ತಾ? ಮದ್ಯ ಕುಡಿಯೋ ಹುಡುಗಿಯರಿಗೆ ಸೋಂಕು ಹೆಚ್ಚು. ಸಂಗಾತಿ ಓದ್ತಾ ಇಲ್ಲದವನಾದರೂ ಸೋಂಕು ಹೆಚ್ಚು. ಈಗ ಹೇಳು, ವೈರಸ್ಸಿಗೆ ಮಾರ್ಕ್ಸ್ ಕಾರ್ಡ್ ಓದೋಕೆ ಬರುತ್ತಾ?

ಮಗಳು: (ನಗುತ್ತ) ಇಲ್ಲ ಬಿಡಿ.

ಚಿಕ್ಕಮ್ಮ: ಸದ್ಯ, ನಕ್ಕೆಯಲ್ಲ. ಕಾಲೇಜಿನ ಹೊರಗಿರೋ ಹುಡುಗ ಅಂದರೆ ಬಹುಶಃ ವಯಸ್ಸಿನಲ್ಲಿ ದೊಡ್ಡವನು, ಅವನಿಗೆ ಹಿಂದೆ ಬೇರೆ ಸಂಬಂಧಗಳು ಇದ್ದಿರಬಹುದು. ಕುಡಿದ ರಾತ್ರಿ ಎಚ್ಚರಿಕೆ ಜಾರುತ್ತೆ. ಇವೆಲ್ಲ ಗುರುತಿನ ಕಂಬಗಳು. ದಾರಿ ಯಾವ ಕಡೆ ಹೋಗುತ್ತೆ ಅಂತ ತೋರಿಸ್ತವೆ, ಅವೇ ನಿನ್ನ ಕರ್ಕೊಂಡು ಹೋಗಲ್ಲ. ನಿಜವಾದ ಕಾರಣ ಒಂದೇ: ಚರ್ಮಕ್ಕೆ ಚರ್ಮ ತಾಗೋದು. ಅದಕ್ಕೇ ಕಾಂಡೋಮ್ ಕೂಡ ಇಲ್ಲಿ ಪೂರ್ತಿ ಗೋಡೆ ಅಲ್ಲ, ಅದು ಮುಚ್ಚದ ಜಾಗದ ಚರ್ಮದಲ್ಲೂ ವೈರಸ್ಸು ಇರಬಹುದು. ಹಾಗಂತ ಪ್ರಯೋಜನ ಇಲ್ಲ ಅಂತಲ್ಲ. ಸಿಯಾಟಲ್‌ನವರೇ 2006ರಲ್ಲಿ ತೋರಿಸಿದರು: ಪ್ರತಿ ಸಲವೂ ತಪ್ಪದೆ ಬಳಸಿದವರಲ್ಲಿ, ಬಳಸಿದ್ದು ಅಪರೂಪ ಅನ್ನೋರಿಗೆ ಹೋಲಿಸಿದರೆ ಸೋಂಕು ಶೇಕಡಾ 70ರಷ್ಟು ಕಡಿಮೆ.

ಮಗಳು: ಪಟ್ಟಿಯಲ್ಲಿ 'ಚಿಕ್ಕ ವಯಸ್ಸು' ಅಂತಲೂ ಇತ್ತು. ಅದು ನನಗೆ ಅರ್ಥ ಆಗಲಿಲ್ಲ. ಚಿಕ್ಕವರಿಗೆ ರೋಗನಿರೋಧಕ ಶಕ್ತಿ ಚೆನ್ನಾಗಿರಬೇಕಲ್ವಾ?

ಚಿಕ್ಕಮ್ಮ: ಇದು ಶಕ್ತಿಯ ವಿಷಯ ಅಲ್ಲ, ಮನೆಯ ಕಟ್ಟಡದ ವಿಷಯ. ಗರ್ಭಕಂಠ ಗೊತ್ತಲ್ಲ, ಗರ್ಭಕೋಶದ ಬಾಯಿ. ಅದರ ಹೊರಮೈಗೆ ಹೊದಿಸಿರೋದು ದಪ್ಪ ಚರ್ಮ, ಹತ್ತಾರು ಪದರ ಜೀವಕೋಶ. ಒಳದಾರಿಗೆ ಒಂದೇ ಪದರ, ತೆಳ್ಳಗೆ. ಎರಡೂ ಸೇರೋ ಗೆರೆಯನ್ನ ಹೊಸ್ತಿಲು ಅಂದ್ಕೋ. ಹುಡುಗಿ ಮೈನೆರೆದ ಮೇಲೆ ಈಸ್ಟ್ರೋಜನ್ ಹಾರ್ಮೋನಿನಿಂದ ಗರ್ಭಕಂಠ ಊದಿಕೊಂಡು, ಒಳಗಿರಬೇಕಾದ ಆ ತೆಳು ಪದರ ಹೊರಕ್ಕೆ ಮಗುಚಿಕೊಳ್ಳುತ್ತೆ. ಹೊಸ್ತಿಲು ಅಂಗಳಕ್ಕೇ ಬಂದು ಕೂತ ಹಾಗೆ. ಆಮೇಲೆ ವರ್ಷಗಟ್ಟಲೆ ಆ ತೆಳು ಪದರ ನಿಧಾನಕ್ಕೆ ದಪ್ಪ ಚರ್ಮ ಆಗ್ತಾ ಬರುತ್ತೆ. ಈ ಬದಲಾಗ್ತಿರೋ ಪಟ್ಟಿಯೇ ವೈರಸ್ಸಿಗೆ ಬಹಳ ಇಷ್ಟದ ಜಾಗ. ಗರ್ಭಕಂಠದ ಕ್ಯಾನ್ಸರ್ ಶುರುವಾಗೋದು ಹೆಚ್ಚಾಗಿ ಅಲ್ಲೇ.

ಮಗಳು: ಮೇಲೆ ತಾಗಿದ ಮಾತ್ರಕ್ಕೆ ಒಳಗೆ ಹೋಗಿಬಿಡುತ್ತಾ?

ಚಿಕ್ಕಮ್ಮ: ಈ ಕಾಳು ನೋಡು. ಒಣಗಿದ್ದಾಗ ಇದರ ಸಿಪ್ಪೆ ಉಗುರಿಗೂ ಜಗ್ಗಲ್ಲ. ನೆಂದ ಮೇಲೆ ಎರಡು ಬೆರಳಲ್ಲಿ ಹೀಗೆ ಅದುಮಿದರೆ ಸಾಕು, ಬಿರುಕು ಬಿಟ್ಟು ಬೇಳೆ ಪುಳಕ್ ಅಂತ ಆಚೆಗೆ. ವೈರಸ್ಸಿಗೆ ಬೇಕಾಗಿರೋದೂ ಅಂಥ ಒಂದು ಬಿರುಕು, ಕಣ್ಣಿಗೆ ಕಾಣದಷ್ಟು ಸಣ್ಣದು. ಅದರಿಂದ ಇಳಿದು ತಳದ ಜೀವಕೋಶ ಸೇರಬೇಕು. ದಪ್ಪ ಹೊದಿಕೆ ಇರೋ ಕಡೆ ತಳ ಬಹಳ ದೂರ. ಹೊಸ್ತಿಲಲ್ಲಿ ಹೊದಿಕೆಯೂ ತೆಳು, ಜೀವಕೋಶವೂ ಎಳಸು. 16 ವರ್ಷದ ಹುಡುಗಿಗೂ 26ರ ಹೆಂಗಸಿಗೂ ಇರೋ ವ್ಯತ್ಯಾಸ ಇದು. ಹುಡುಗಿಯ ನಡತೆಗೂ ಇದಕ್ಕೂ ಏನೂ ಸಂಬಂಧ ಇಲ್ಲ.

ಮಗಳು: ಹಾಗಾದ್ರೆ ಬೇಗ ಮದುವೆ ಆದವರಿಗೆ?

ಚಿಕ್ಕಮ್ಮ: ಅದನ್ನೇ ಹೇಳೋಕೆ ಹೊರಟೆ. ನಮ್ಮ ಕಡೆ 'ಹಲವು ಸಂಗಾತಿಗಳು' ಅನ್ನೋದನ್ನ ಓದಿ, ಇದು ಬೇರೆ ಯಾರದೋ ರೋಗ ಅಂತ ಜನ ನಿಟ್ಟುಸಿರು ಬಿಡ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡು. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ 100ಕ್ಕೆ 21 ಮಂದಿಗೆ 18 ತುಂಬೋದಕ್ಕೆ ಮುಂಚೆಯೇ ಮದುವೆ ಆಗಿತ್ತು. ಐದರಲ್ಲಿ ಒಬ್ಬಳು. ಒಬ್ಬನೇ ಗಂಡ, ತಾಳಿ, ಸಂಪ್ರದಾಯ ಎಲ್ಲ ಸರಿಯಾಗೇ ಇದೆ. ಹೊಸ್ತಿಲು ಮಾತ್ರ ಇನ್ನೂ ಅಂಗಳದಲ್ಲಿದೆ. ಬೇಗ ಮದುವೆ, ಬೇಗ ಬೇಗ ನಾಲ್ಕೈದು ಹೆರಿಗೆ. ಹೆಚ್ಚು ಹೆರಿಗೆಯೂ ಗರ್ಭಕಂಠದ ಕ್ಯಾನ್ಸರಿಗೆ ಒಂದು ಪೂರಕ ಕಾರಣ. ಆ ಹುಡುಗಿ ಇದರಲ್ಲಿ ಯಾವುದನ್ನ ತಾನಾಗಿ ಆರಿಸಿಕೊಂಡಳು, ಹೇಳು.

ಮಗಳು: ಈ ನಡತೆಯ ಮಾತು ಇದಕ್ಕೆ ಅಂಟಿಕೊಂಡದ್ದು ಹೇಗೆ?

ಚಿಕ್ಕಮ್ಮ: ಅದು ಹಳೇ ಕಥೆ. ಇಟಲಿಯ ವೆರೋನಾ ಪಟ್ಟಣದಲ್ಲಿ ರಿಗೋನಿ ಸ್ಟರ್ನ್ ಅಂತ ವೈದ್ಯ. ಊರಿನ 1760ರಿಂದ 1839ರವರೆಗಿನ ಸಾವಿನ ದಾಖಲೆ ಎಲ್ಲ ಜಾಲಾಡಿ 1842ರಲ್ಲಿ ಒಂದು ಮಾತು ಹೇಳಿದ: ಗರ್ಭಕೋಶದ ಕ್ಯಾನ್ಸರ್ ಮದುವೆಯಾದವರಲ್ಲಿ, ವಿಧವೆಯರಲ್ಲಿ ಹೆಚ್ಚು, ಕ್ರೈಸ್ತ ಸನ್ಯಾಸಿನಿಯರಲ್ಲಿ ಬಹಳ ಅಪರೂಪ. ಅವನು ಕಂಡದ್ದು ಸರಿಯಾಗೇ ಇತ್ತು. ಆದರೆ ಜನ ಅದರಿಂದ ಎತ್ತಿಕೊಂಡದ್ದು ಪಾಪ ಪುಣ್ಯದ ಲೆಕ್ಕ. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ತಂಡ 1983ರಲ್ಲಿ ಕ್ಯಾನ್ಸರ್ ಗಡ್ಡೆಯಲ್ಲೇ ಎಚ್‌ಪಿವಿ 16ನ್ನ ಹಿಡಿದು ತೋರಿಸೋವರೆಗೆ, ಮರು ವರ್ಷ 18ನ್ನ ತೋರಿಸೋವರೆಗೆ, ಆ ಲೆಕ್ಕವೇ ನಡೀತು. ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಕೊಟ್ಟರು. ಕಾರಣ ವೈರಸ್ಸು ಅಂತ ಗೊತ್ತಾಗಿ 40 ವರ್ಷ ಆಯ್ತು. ನಾವು ಇನ್ನೂ 'ಯಾರಿಂದ' ಅಂತ ಕೇಳ್ತಾ ಕೂತಿದೀವಿ.

ಮಗಳು: ಕೇಳದೆ ಇರೋದು ಹೇಗೆ ಚಿಕ್ಕಮ್ಮ? ನನ್ನಿಂದ ಅಲ್ಲ ಅಂದ ಮೇಲೆ ಅವರಿಂದಲೇ ಅಲ್ವಾ? ಮೂರು ದಿನದಿಂದ ಅವರ ಮುಖ ನೋಡಿ ಮಾತಾಡೋಕೆ ಆಗ್ತಿಲ್ಲ. ಟಿಫನ್ ಬಾಕ್ಸ್ ಕೊಡುವಾಗಲೂ ತಲೆಯಲ್ಲಿ ಅದೇ.

ಚಿಕ್ಕಮ್ಮ: ಮುಚ್ಚುಮರೆ ಬೇಡ. ಅವನಿಂದಲೇ ಬಂದಿರೋ ಸಾಧ್ಯತೆ ಹೆಚ್ಚು. ದೆಹಲಿಯಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಗಂಡನನ್ನ ಬಿಟ್ಟು ಯಾರ ಸಂಬಂಧವೂ ಇಲ್ಲದ ಹೆಂಗಸರನ್ನಷ್ಟೇ ತಗೊಂಡು, ಗಂಡಂದಿರನ್ನ ವಿಚಾರಿಸಿದರು. ಮದುವೆಗೆ ಮುಂಚೆ ಅಥವಾ ಮದುವೆಯ ಆಚೆ ಸಂಬಂಧ ಇದ್ದ ಗಂಡಂದಿರ ಹೆಂಡತಿಯರಿಗೆ ಗರ್ಭಕಂಠದ ಕ್ಯಾನ್ಸರಿನ ಅಪಾಯ ಹೆಚ್ಚು. ಹೆಣ್ಣಿನ ರಿಸ್ಕ್ ಫ್ಯಾಕ್ಟರ್ ಪಟ್ಟಿಯಲ್ಲಿ ಗಂಡಿನ ಜೀವನಚರಿತ್ರೆಯೂ ಒಂದು ಸಾಲು. ಆ ಸಾಲನ್ನ ಯಾರೂ ಗಟ್ಟಿಯಾಗಿ ಓದಲ್ಲ.

ಮಗಳು: ಹಾಗಾದ್ರೆ ನನ್ನ ಅನುಮಾನ ಸರಿ.

ಚಿಕ್ಕಮ್ಮ: ತಾಳು, ಪೂರ್ತಿ ಕೇಳು. ಇವತ್ತು ಪಾಸಿಟಿವ್ ಬಂದ ಮಾತ್ರಕ್ಕೆ ಸೋಂಕು ನಿನ್ನೆ ತಗುಲಿತು ಅಂತಲ್ಲ. ಈ ವೈರಸ್ಸು ಪರೀಕ್ಷೆಗೆ ಸಿಗದ ಹಾಗೆ ವರ್ಷಗಟ್ಟಲೆ ಸುಮ್ಮನೆ ಕೂತಿದ್ದು ಮತ್ತೆ ತಲೆ ಎತ್ತಬಲ್ಲದು. ನಿನ್ನ ಗಂಡ ಕಾಲೇಜಿನ ದಿನಗಳಲ್ಲಿ ಒಬ್ಬಳನ್ನ ಪ್ರೀತಿಸಿದ್ದಿರಬಹುದು, ಅಷ್ಟರಿಂದಲೇ ಬಂದಿರಬಹುದು. ಈಗ ಅವನಲ್ಲಿ ಅದು ಇಲ್ಲದೆಯೂ ಇರಬಹುದು. ಗಂಡಸರಿಗೆ ಇದನ್ನ ಪತ್ತೆ ಹಚ್ಚೋ ಮಾನ್ಯತೆ ಪಡೆದ ಪರೀಕ್ಷೆಯೂ ಇಲ್ಲ, ಅವನನ್ನ ಲ್ಯಾಬಿಗೆ ಎಳ್ಕೊಂಡು ಹೋಗಿ ಪ್ರಯೋಜನ ಇಲ್ಲ. ಯಾರಿಂದ, ಯಾವಾಗ ಅಂತ ಹೇಳೋ ಶಕ್ತಿ ಈ ಕಾಗದಕ್ಕೆ ಇಲ್ಲ. ಕೇಳಬೇಕು ಅನಿಸಿದರೆ ಕೇಳು, ಗಂಡ ಹೆಂಡತಿ ನಡುವೆ ಅದು ಇರಬೇಕಾದ ಮಾತೇ. ರಿಪೋರ್ಟನ್ನ ಸಾಕ್ಷಿ ಮಾಡಿಕೊಂಡು ಮಾತ್ರ ಕೇಳಬೇಡ.

ಮಗಳು: ನೀವು ಇಷ್ಟು ವರ್ಷ ನೋಡಿದ ಸ್ಲೈಡುಗಳಲ್ಲಿ ಇದು ಕಾಣ್ತಿತ್ತಾ?

ಚಿಕ್ಕಮ್ಮ: ವೈರಸ್ಸು ಕಾಣಲ್ಲ, ಅದರ ಹೆಜ್ಜೆ ಕಾಣುತ್ತೆ. ಬಣ್ಣ ಹಾಕಿದ ಸ್ಲೈಡನ್ನ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಒಳ್ಳೇ ಜೀವಕೋಶಗಳು ತಿಳಿಗುಲಾಬಿ, ತಿಳಿನೀಲಿ, ಸಂತೆಯಲ್ಲಿ ಹರಡಿದ ರವಿಕೆ ಕಣದ ಹಾಗೆ. ನಡುವೆ ಒಂದೊಂದು ಕಡೆ ಒಂದು ಕೋಶ, ಅದರ ನ್ಯೂಕ್ಲಿಯಸ್ ಒಣದ್ರಾಕ್ಷಿಯ ಹಾಗೆ ಮುದುರಿಕೊಂಡು ಕಪ್ಪಗೆ, ಸುತ್ತ ಖಾಲಿ ಬೆಳ್ಳನೆಯ ಬಳೆ. ಕೊಯ್ಲೋಸೈಟ್ ಅಂತೀವಿ. ಗ್ರೀಕಿನಲ್ಲಿ ಕೊಯ್ಲೋಸ್ ಅಂದರೆ ಟೊಳ್ಳು. ಅದು ಕಂಡರೆ ಎಚ್‌ಪಿವಿ ಬಂದು ಹೋಗಿದೆ, ಅಥವಾ ಇನ್ನೂ ಇದೆ. ಮೊದಮೊದಲು ನಾನೂ ಅದನ್ನ ಕಂಡಾಗ ಇವಳು ಎಂಥವಳೋ ಅಂತ ಯೋಚಿಸ್ತಿದ್ದೆ. ಸುಳ್ಳು ಯಾಕೆ ಹೇಳಲಿ. ಸ್ಲೈಡಿನ ತುದಿಯಲ್ಲಿ ವಜ್ರದ ಪೆನ್ಸಿಲಿನಿಂದ ಗೀರಿದ ನಂಬರು ಮಾತ್ರ ಇರ್ತಿತ್ತು. ಒಂದು ದಿನ ರಿಜಿಸ್ಟರ್ ತೆಗೆದು ಆ ನಂಬರಿನ ಹೆಸರು ಹುಡುಕಿದೆ. ನಮ್ಮ ಬೀದಿಯವರೇ, ದಿನಾ ಬೆಳಗ್ಗೆ ಹೂವು ಕೊಯ್ದು ದೇವಸ್ಥಾನಕ್ಕೆ ಹೋಗ್ತಿದ್ದ ಹೆಂಗಸು. ಅವತ್ತಿನಿಂದ ಆ ಯೋಚನೆ ಬಿಟ್ಟೆ.

ಮಗಳು: ಈಗ ನನಗೆ ಏನಾಗುತ್ತೆ?

ಚಿಕ್ಕಮ್ಮ: ಬಹುಪಾಲು ಏನೂ ಆಗಲ್ಲ. ರಟ್ಗರ್ಸ್ ಹುಡುಗಿಯರ ಕಥೆ ಅರ್ಧ ಹೇಳಿದ್ದೆನಲ್ಲ, ಉಳಿದರ್ಧ ಕೇಳು. ಹೊಸ ಸೋಂಕು ಅವರಲ್ಲಿ ಸಾಮಾನ್ಯವಾಗಿ ಇದ್ದದ್ದು ಎಂಟು ತಿಂಗಳು. ವರ್ಷ ಕಳೆಯೋದರಲ್ಲಿ 100ಕ್ಕೆ 70ರಲ್ಲಿ ಮಾಯ. ಎರಡು ವರ್ಷಕ್ಕೆ ಉಳಿದದ್ದು ಬರೀ 9. ಮದ್ದಿಲ್ಲ, ಮಾತ್ರೆ ಇಲ್ಲ, ದೇಹ ತಾನೇ ಗುಡಿಸಿ ಆಚೆ ಹಾಕುತ್ತೆ. ಸೋಂಕೇ ಒಂದು, ಸೋಂಕು ಬೇರೂರೋದೇ ಇನ್ನೊಂದು. ಬೇರೂರಿದ ಆ ಕೆಲವರಲ್ಲಿ ಕೂಡ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ನಡುವೆ ಹಿಡಿಯೋಕೆ ಬೇಕಾದಷ್ಟು ಸಮಯ ಇರುತ್ತೆ.

ಮಗಳು: ಬೇರೂರೋದು ಯಾರಿಗೆ?

ಚಿಕ್ಕಮ್ಮ: ವೈರಸ್ಸಿನ ವಿಧ ಒಂದು. 200ಕ್ಕೂ ಹೆಚ್ಚು ವಿಧ ಇವೆ, ಕ್ಯಾನ್ಸರ್ ತರೋ ಗುಂಪು ಹನ್ನೆರಡೋ ಹದಿನಾಲ್ಕೋ. ಅದರಲ್ಲಿ 16, 18 ಎರಡೇ ಸೇರಿ ಗರ್ಭಕಂಠದ ಕ್ಯಾನ್ಸರಿನ ಶೇಕಡಾ 70ಕ್ಕೆ ಕಾರಣ. ನಿನಗೆ ಅವೆರಡೂ ಇಲ್ಲ. ಆಮೇಲೆ ರೋಗನಿರೋಧಕ ಶಕ್ತಿ. ಎಚ್‌ಐವಿ ಇರೋ ಹೆಂಗಸರಿಗೆ ಈ ಕ್ಯಾನ್ಸರಿನ ಅಪಾಯ ಆರು ಪಟ್ಟು. ಅಂಗಾಂಗ ಕಸಿ ಮಾಡಿಸಿಕೊಂಡು ನಿರೋಧಶಕ್ತಿ ತಗ್ಗಿಸೋ ಔಷಧಿ ತಗೊಳ್ಳೋರೂ ಎಚ್ಚರ ಇರಬೇಕು. ಸಿಗರೇಟು ಕ್ಯಾನ್ಸರಿನ ದಾರಿಯನ್ನ ಸಲೀಸು ಮಾಡುತ್ತೆ. ಗರ್ಭನಿರೋಧಕ ಗುಳಿಗೆಯನ್ನ ಐದು ವರ್ಷಕ್ಕೂ ಮೀರಿ ನುಂಗಿದರೆ ಅಪಾಯ ಸ್ವಲ್ಪ ಏರುತ್ತೆ, ನಿಲ್ಲಿಸಿದ ಮೇಲೆ ಇಳೀತಾ ಹೋಗುತ್ತೆ. ಅದಕ್ಕೆ ಹೆದರಿ ಗುಳಿಗೆ ಬಿಡಬೇಕಿಲ್ಲ, ವೈದ್ಯರ ಹತ್ತಿರ ಮಾತಾಡಿದರೆ ಸಾಕು.

ಮಗಳು: ನಾನು ಈಗ ಮಾಡಬೇಕಾದದ್ದು?

ಚಿಕ್ಕಮ್ಮ: ನಿಜ ಹೇಳಬೇಕು ಅಂದರೆ ನಿನಗೆ ಈ ಪರೀಕ್ಷೆ ಮಾಡಬೇಕಾಗೇ ಇರಲಿಲ್ಲ. ನಮ್ಮ ದೇಶದ ಮಾರ್ಗಸೂಚಿಯಲ್ಲಿ ಗರ್ಭಕಂಠದ ತಪಾಸಣೆ ಶುರುವಾಗೋದು 30ಕ್ಕೆ. ಅದಕ್ಕೆ ಮುಂಚೆ ಮಾಡಿದರೆ ಹೀಗೇ, ತಾನಾಗಿ ಹೋಗೋ ಸೋಂಕಿಗೆ ಹೆಸರಿಟ್ಟು ಹುಡುಗಿಯರ ನಿದ್ದೆ ಕೆಡಿಸೋದು. ಪ್ಯಾಕೇಜು ತುಂಬೋಕೆ ಹಾಕಿರ್ತಾರೆ. ಆದದ್ದು ಆಯ್ತು. ಪ್ಯಾಪ್ ನಾರ್ಮಲ್ ಇದೆ. ಸ್ತ್ರೀರೋಗ ತಜ್ಞರನ್ನ ಒಮ್ಮೆ ನೋಡು, ಅವರು ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ ಅಂತಾರೆ. ಅಷ್ಟರಲ್ಲಿ ಹೋಗಿರೋ ಸಾಧ್ಯತೆಯೇ ಜಾಸ್ತಿ. ಹೋಗದಿದ್ದರೆ ಕಾಲ್ಪೋಸ್ಕೋಪಿ, ಅಂದರೆ ಭೂತಗನ್ನಡಿ ಹಿಡಿದು ನೋಡೋದು. ಇನ್ನು ಲಸಿಕೆ. ಈಗ ಇರೋ ಸೋಂಕನ್ನ ಅದು ಓಡಿಸಲ್ಲ, ಇನ್ನೂ ತಗುಲದ ವಿಧಗಳಿಂದ ಕಾಪಾಡುತ್ತೆ. ನಿನಗೆ 16, 18 ಸಿಕ್ಕಿಲ್ಲವಲ್ಲ, ಅದನ್ನೂ ಕೇಳಿ ನೋಡು.

ಮಗಳು: ಲಸಿಕೆ ಅಂದಾಗ ನೆನಪಾಯ್ತು. ನಮ್ಮ ನಾದಿನಿ ಮಗಳಿಗೆ 12 ವರ್ಷ. ಶಾಲೆಯಲ್ಲಿ ಯಾರೋ ಡಾಕ್ಟರು ಬಂದು ಹೇಳಿದರಂತೆ. ಮನೆಯಲ್ಲಿ ಎಲ್ಲರೂ, 'ಅಷ್ಟು ಚಿಕ್ಕ ಹುಡುಗಿಗೆ ಅದ್ಯಾಕೆ, ಮದುವೆ ಗೊತ್ತಾದ ಮೇಲೆ ನೋಡೋಣ' ಅಂದುಬಿಟ್ಟರು.

ಚಿಕ್ಕಮ್ಮ: ಸಸಿ ನೆಡುವಾಗಲೇ ಬೇಲಿ ಕಟ್ಟಬೇಕು, ಹಸು ಮೇಯ್ದು ಹೋದ ಮೇಲಲ್ಲ. 9ರಿಂದ 14 ಅಂತ ವಯಸ್ಸು ಇಟ್ಟಿರೋದು ಅದಕ್ಕೇ, ವೈರಸ್ಸಿನ ಮುಖ ನೋಡೋದಕ್ಕೆ ಮುಂಚೆ. ಆ ವಯಸ್ಸಿನಲ್ಲಿ ದೇಹ ಲಸಿಕೆಗೆ ಒಳ್ಳೆಯ ಪ್ರತಿಕ್ರಿಯೆಯನ್ನೂ ಕೊಡುತ್ತೆ. ಸ್ಕಾಟ್ಲೆಂಡಿನವರು 2008ರಲ್ಲಿ ಶಾಲಾ ಹುಡುಗಿಯರಿಗೆ ಹಾಕೋಕೆ ಶುರು ಮಾಡಿದರು. 12, 13ರಲ್ಲಿ ಹಾಕಿಸಿಕೊಂಡವರಲ್ಲಿ ಒಬ್ಬಳಿಗೂ ಗರ್ಭಕಂಠದ ಕ್ಯಾನ್ಸರ್ ಬಂದಿಲ್ಲ ಅಂತ 2024ರಲ್ಲಿ ಲೆಕ್ಕ ಕೊಟ್ಟರು. ನಮ್ಮಲ್ಲೂ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಮಾಡಿದ ಸರ್ವಾವ್ಯಾಕ್‌ಗೆ 2022ರಲ್ಲೇ ಒಪ್ಪಿಗೆ ಸಿಕ್ಕಿದೆ. ಹುಡುಗರಿಗೂ ಹಾಕಬಹುದು.

ಮಗಳು: ಆದರೆ ಲಸಿಕೆಯಿಂದ ಹುಡುಗಿಯರು ಸತ್ತರು ಅಂತ ವಾಟ್ಸಾಪಿನಲ್ಲಿ ಬರ್ತಾ ಇರುತ್ತಲ್ಲ?

ಚಿಕ್ಕಮ್ಮ: ಅದರ ಬೇರು ಎಲ್ಲಿದೆ ಹೇಳ್ತೀನಿ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ ಪ್ರಾಯೋಗಿಕವಾಗಿ ಲಸಿಕೆ ಹಾಕಿದರು. ಏಳು ಹುಡುಗಿಯರ ಸಾವು ವರದಿ ಆಯ್ತು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಯೋಜನೆ ನಿಲ್ಲಿಸಿತು. ತನಿಖೆ ಮಾಡಿದ ಸಮಿತಿ ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತು. ಆದರೆ ಅಪ್ಪ ಅಮ್ಮನ ಒಪ್ಪಿಗೆ ಪಡೆಯದೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು, ಅದು ದೊಡ್ಡ ತಪ್ಪು. ಬಡ ಹುಡುಗಿಯರ ವಿಷಯದಲ್ಲಿ ಕೇಳೋರು ಯಾರು ಅನ್ನೋ ಉಡಾಫೆ. ಜನರ ಅನುಮಾನ ಹುಟ್ಟಿದ್ದು ಅಲ್ಲಿ, ಅದನ್ನ ಬೈದು ಪ್ರಯೋಜನ ಇಲ್ಲ, ತಿಳಿಸಿ ಹೇಳಬೇಕು.

ಮಗಳು: ಅಲ್ಲಿಗೆ ಎಲ್ಲ ನಿಂತೇ ಹೋಯ್ತಾ?

ಚಿಕ್ಕಮ್ಮ: ನಿಂತದ್ದರಿಂದಲೇ ಒಂದು ಉಪಕಾರ ಆಯ್ತು. ಅದೇ ಹೊತ್ತಿಗೆ ಬೇರೆಯೇ ಒಂದು ಅಧ್ಯಯನ ದೇಶದ ಹಲವು ಕಡೆ ನಡೀತಿತ್ತು, ಎರಡು ಡೋಸ್ ಸಾಕೋ ಮೂರು ಬೇಕೋ ಅಂತ ನೋಡೋಕೆ. ಸರ್ಕಾರದ ಆದೇಶಕ್ಕೆ ಅದೂ ಅರ್ಧಕ್ಕೆ ನಿಂತಿತು. ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಸಂಶೋಧಕರು ಅವರ ಕೈ ಬಿಡಲಿಲ್ಲ, ಹತ್ತು ವರ್ಷ ಹಿಂದೆ ಬಿದ್ದು ನೋಡಿದರು. 16, 18ರ ಸೋಂಕು ಬೇರೂರದ ಹಾಗೆ ಒಂದು ಡೋಸೂ ಶೇಕಡಾ 95ರಷ್ಟು ತಡೆದಿತ್ತು, ಮೂರು ಡೋಸಿನಷ್ಟೇ ಚೆನ್ನಾಗಿ. ಇಂಥ ಫಲಿತಾಂಶಗಳನ್ನ ನೋಡಿಯೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ಚಿಕ್ಕ ಹುಡುಗಿಯರಿಗೆ ಒಂದು ಡೋಸೂ ಆಗುತ್ತೆ ಅಂತು. ಬಡ ದೇಶಗಳಿಗೆ ಖರ್ಚು ಅಷ್ಟು ಇಳೀತು.

ಮಗಳು: ಅಬ್ಬ, ಈಗ ಎದೆಯ ಭಾರ ಇಳಿದ ಹಾಗಾಯ್ತು. ಸುಮ್ಮನೆ ಹೆದರಿದ್ದೆ.

ಚಿಕ್ಕಮ್ಮ: ನೀನು ಹೆದರೋದು ಬೇಕಿರಲಿಲ್ಲ. ಹೆದರಬೇಕಾದವರು ಹೆದರ್ತಾ ಇಲ್ಲವಲ್ಲ, ಅದೇ ನನ್ನ ಸಂಕಟ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ 1 ಲಕ್ಷ 27 ಸಾವಿರ ಹೆಂಗಸರಿಗೆ ಹೊಸದಾಗಿ ಗರ್ಭಕಂಠದ ಕ್ಯಾನ್ಸರ್ ಬರುತ್ತೆ, ಹತ್ತಿರ ಹತ್ತಿರ 80 ಸಾವಿರ ಮಂದಿ ಸಾಯ್ತಾರೆ. ಆ ಕುಟುಂಬ ಸಮೀಕ್ಷೆಯಲ್ಲೇ ಇದೆ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು 100ಕ್ಕೆ ಇಬ್ಬರೂ ಇಲ್ಲ. ನಿಜವಾದ ರಿಸ್ಕ್ ಫ್ಯಾಕ್ಟರ್ ಅದು. ಬಸವಕಲ್ಯಾಣದ ಗಡಿ ದಾಟಿದರೆ ಉಸ್ಮಾನಾಬಾದ್, ಈಗಿನ ಧಾರಾಶಿವ್ ಜಿಲ್ಲೆ. ಅಲ್ಲಿನ ಹಳ್ಳಿಗಳಲ್ಲಿ 1 ಲಕ್ಷ 31 ಸಾವಿರ ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟ ಆಯ್ತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿದಿತ್ತು. ಒಂದೇ ಸಲ!

ಮಗಳು: ಚಿಕ್ಕಮ್ಮ...

ಚಿಕ್ಕಮ್ಮ: ಏನು?

ಮಗಳು: ಅಮ್ಮನಿಗೆ ಈಗ 54. ಅಮ್ಮ ಯಾವತ್ತಾದರೂ ಮಾಡಿಸಿದಾರಾ?

ಚಿಕ್ಕಮ್ಮ: ಇಲ್ಲ. 'ನನಗೆ ಮುಟ್ಟು ನಿಂತು ಆಯ್ತಲ್ಲ, ಇನ್ನೇನು' ಅಂತಾಳೆ. ಮುಟ್ಟು ನಿಂತ ಮೇಲೆ ಹೊಸ್ತಿಲು ಒಳಕ್ಕೆ ಸರಿದುಬಿಡುತ್ತೆ. ಆರೋಗ್ಯ ಕೇಂದ್ರದಲ್ಲಿ ವಿನಿಗರ್ ಥರದ ದ್ರಾವಣ ಹಚ್ಚಿ ಕಣ್ಣಲ್ಲೇ ನೋಡೋ ಪರೀಕ್ಷೆ ಅವಳ ವಯಸ್ಸಿಗೆ ಅಷ್ಟು ನೆಚ್ಚೋಕಾಗಲ್ಲ, ಎಚ್‌ಪಿವಿ ಪರೀಕ್ಷೆಯೇ ಆಗಬೇಕು. ನಿನಗೆ ಬೇಡದೇ ಇದ್ದದ್ದು ನಿನಗೆ ಸಿಕ್ಕಿತು, ಬೇಕಾಗಿದ್ದವಳಿಗೆ ಸಿಗಲಿಲ್ಲ. ನಾನು 30 ವರ್ಷ ಊರಿನವರದ್ದೆಲ್ಲ ನೋಡಿದೆ. ಒಡಹುಟ್ಟಿದ ಅಕ್ಕನ ಒಂದು ಸ್ಲೈಡನ್ನ ನೋಡಿಲ್ಲ. ನಾಚಿಕೆ, ಇನ್ನೇನು. ಅವಳಿಗೂ ನಾಚಿಕೆ, ಅವಳ ಹತ್ತಿರ ಆ ಮಾತು ಎತ್ತೋಕೆ ನನಗೂ ನಾಚಿಕೆ.

ಮಗಳು: ಹಾಗಾದ್ರೆ ಅಮ್ಮನಿಗೆ ಹೇಳಲೇಬೇಕು.

ಚಿಕ್ಕಮ್ಮ: ಹೇಳಬೇಕು. ನಿನ್ನ ರಿಪೋರ್ಟನ್ನೇ ನೆಪ ಮಾಡ್ಕೊಂಡು ಹೇಳು. ಸೋಮವಾರ ನಾನೂ ಬರ್ತೀನಿ, ಮೂವರೂ ಒಟ್ಟಿಗೆ ಆಸ್ಪತ್ರೆಗೆ ಹೋಗೋಣ. ಯಾರಿಂದ ಬಂತು ಅಂತ ಅವಳು ಕೇಳಿದರೆ, ಯಾರು ಯಾರು ಇನ್ನೂ ಪರೀಕ್ಷೆ ಮಾಡಿಸಿಲ್ಲ ಅಂತ ಕೇಳು. ಈ ಕಾಳು ಮುಗೀತು, ಆ ಇನ್ನೊಂದು ಪಾತ್ರೆ ಈ ಕಡೆ ಸರಿಸು.